ಟ್ರಿಂಗ್‌ನಿಂದ ಟ್ರಿಂಗ್‌ಗೆ: ಕಾಡು, ಕೋಟೆ, ಕಾಲುದಾರಿಯ ಒಂದು ಸುತ್ತು

ಬೇಸಿಗೆ ಬಂತೆಂದರೆ ಲಂಡನ್ನಿನ ಆಸುಪಾಸಿನ ಕನ್ನಡದ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ ಬರುತ್ತಾರೆ. ಮೊದಲ ಎರಡು ವಾರ ಲಂಡನ್ ಐ, ಬಕಿಂಗ್‌ಹ್ಯಾಮ್ ಅರಮನೆ, ಕಾರಿನಲ್ಲಿ ಹೋಗಿ ಸ್ಟೋನ್‌ಹೆಂಜ್. ಆಮೇಲೆ? ಮಗ-ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ, ಹಿರಿಯರು ಸೋಫಾಕ್ಕೆ. ಈ ದೇಶದಲ್ಲಿ ನೋಡಲೇಬೇಕಾದದ್ದು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ: ಹೊಲ, ಕಾಡು, ಗುಡ್ಡ, ಹಳ್ಳಿಗಳ ನಡುವೆ ಹಾಯುವ ಸಾರ್ವಜನಿಕ ದಾರಿಗಳು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇವುಗಳ ಉದ್ದ ಸುಮಾರು 2.25 ಲಕ್ಷ ಕಿಲೋಮೀಟರ್. ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಹೊರಟಲ್ಲಿಗೇ ಬಂದು ಸೇರುವ ಸುತ್ತುನಡಿಗೆ ಇದರಲ್ಲೆಲ್ಲ ಮೇಲು. ಬಂದ ದಾರಿಗೇ ಸುಂಕವಿಲ್ಲ ಎಂದುಕೊಂಡು ಹಿಂದಿರುಗಬೇಕಾಗಿಲ್ಲ, ಕಾರು ಒಂದು ಕಡೆ ನಾವೊಂದು ಕಡೆ ಎಂಬ ಪೇಚಾಟವಿಲ್ಲ. ಆದರೆ ಅದನ್ನು ಹಿಂದಿನ ರಾತ್ರಿಯೇ ಊಟದ ಮೇಜಿನ ಮೇಲೆ ನಕಾಶೆ ಹರಡಿ ಒಮ್ಮೆ ನಡೆದು ಮುಗಿಸಿರಬೇಕು. ಅದೂ ಕೊನೆಯಿಂದ ಮೊದಲಿನ ಕಡೆಗೆ. ಮಾದರಿಗೆ ಹರ್ಟ್‌ಫರ್ಡ್‌ಶೈರ್-ಬಕಿಂಗ್‌ಹ್ಯಾಮ್‌ಶೈರ್ ಗಡಿಯ ಟ್ರಿಂಗ್ ಸುತ್ತನ್ನೇ ಇಟ್ಟುಕೊಂಡಿದ್ದೇನೆ. ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು 40 ನಿಮಿಷ.

1. ಮನೆಗೆ ಮರಳುವ ರೈಲಿನಿಂದ ಶುರುಮಾಡಿ

ಬೆಳಗ್ಗೆ ಎಷ್ಟು ಗಂಟೆಗೆ ಹೊರಡೋಣ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ, ತಪ್ಪು ಪ್ರಶ್ನೆ. ಕತ್ತಲಾಗುವುದು ಎಷ್ಟಕ್ಕೆ, ಅದಕ್ಕೆ ಮುಂಚಿನ ಅನುಕೂಲದ ರೈಲು ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ನಂತರ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಮೊದಲೇ. ವರ್ಷವಿಡೀ ಆರೂವರೆಯ ಆಚೀಚೆ ಸಂಜೆಯಾಗುವ ನಾಡಿನಿಂದ ಬಂದವರಿಗೆ ಇದು ತಲೆಗೆ ಹತ್ತಲು ಒಂದೆರಡು ಚಳಿಗಾಲ ಬೇಕು. ರೈಲಿನ ಹೊತ್ತು ಹಿಡಿದು ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ: ನಿಲ್ದಾಣ, ಅದಕ್ಕೂ ಮುಂಚೆ ಚಹಾ, ಅದಕ್ಕೂ ಮುಂಚೆ ಕಾಡು, ಅದಕ್ಕೂ ಮುಂಚೆ ಗುಡ್ಡದ ಮೇಲೆ ಊಟ. ಹೊರಡುವ ಹೊತ್ತು ತಾನಾಗಿ ಸಿಗುತ್ತದೆ. ಭಾನುವಾರವಾದರೆ ಹಳಿ ದುರಸ್ತಿಯ ಪ್ರಕಟಣೆ ನೋಡಿಕೊಳ್ಳಿ. ರೈಲಿನ ಬದಲು ಬಸ್ಸು ಬಿಟ್ಟಿದ್ದರೆ ಲೆಕ್ಕವೆಲ್ಲ ತಲೆಕೆಳಗು.

2. ಹದಿಮೂರು ಕಿಲೋಮೀಟರ್ ಸಾಕು

ಸುತ್ತು ಹೀಗಿದೆ. ಟ್ರಿಂಗ್ ನಿಲ್ದಾಣದಿಂದ ಪೂರ್ವಕ್ಕೆ ಹೊರಟು ‘ರಿಜ್‌ವೇ’ ದಾರಿ ಹಿಡಿಯುವುದು. ಆಲ್ಡ್‌ಬರಿ ನೋವರ್ಸ್ ಎಂಬ ಚಿಟ್ಟೆಗಳ ಕಾಡು ಹಾದು ಪಿಟ್‌ಸ್ಟೋನ್ ದಿಣ್ಣೆಯ ಬಯಲಿಗೆ ಬಂದು, ಅಲ್ಲಿಂದ ಐವಿಂಗೋ ಬೀಕನ್ ಗುಡ್ಡ ಹತ್ತುವುದು. ವಾಪಸು ಬರುವಾಗ ಆ್ಯಶ್ರಿಜ್ ಕಾಡಿಗೆ ತಿರುಗಿ, ಡಂಕಂಬ್ ಟೆರೇಸ್ ದಾರಿಯಲ್ಲಿ ಬ್ರಿಜ್‌ವಾಟರ್ ಸ್ತಂಭದವರೆಗೆ. ಅಲ್ಲಿಂದ ಇಳಿಜಾರು, ಕೆಳಗೆ ಆಲ್ಡ್‌ಬರಿ ಹಳ್ಳಿ, ಅದರಾಚೆ ಒಂದೂವರೆ ಕಿಲೋಮೀಟರಿನಷ್ಟಕ್ಕೆ ಮತ್ತೆ ನಿಲ್ದಾಣ. ಎಲ್ಲ ಸೇರಿ ಸುಮಾರು 13 ಕಿಲೋಮೀಟರ್.

ಜಿಮ್ಮಿಗೆ ಹೋಗುವ ಅಳಿಯಂದಿರು ಇಪ್ಪತ್ತೈದು ಮಾಡೋಣ ಎನ್ನುತ್ತಾರೆ. ಬೇಡ. ಕಾಡನ್ನೂ ಇತಿಹಾಸವನ್ನೂ ನೋಡಬೇಕಾದ ನಡಿಗೆಯಲ್ಲಿ ಅರ್ಧ ಹೊತ್ತು ನಿಲ್ಲುವುದಕ್ಕೇ ಮೀಸಲು.

3. ಕಾಗದದ ನಕಾಶೆ ಕೊಳ್ಳಿ

ಫೋನಿನ ನಕಾಶೆ ಕಾರಿಗೆ ಸರಿ, ಕಾಲಿಗೆ ಸಾಲದು. ಬೇಕಾದದ್ದು ಆರ್ಡ್‌ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ‘ಎಕ್ಸ್‌ಪ್ಲೋರರ್’ ನಕಾಶೆ; ಈ ಸುತ್ತಿಗೆ 181ನೇ ಸಂಖ್ಯೆಯದು. 1:25,000 ಅಳತೆ, ಅಂದರೆ ನಕಾಶೆಯ ನಾಲ್ಕು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಪ್ರತಿ ನೀಲಿ ಚೌಕವೂ ಒಂದು ಕಿಲೋಮೀಟರ್ ಅಗಲ, ಅಷ್ಟೇ ಉದ್ದ. ಹೊಲದ ಬೇಲಿಯೂ ಕಾಣುತ್ತದೆ. ಅದಕ್ಕಿಂತ ದೊಡ್ಡ ಆಸರೆ ದಾರಿಯಲ್ಲಿ ಬೇರೊಂದಿಲ್ಲ: ಬೇಲಿಯ ಎಡಕ್ಕೋ ಬಲಕ್ಕೋ ಎಂದು ಗೊತ್ತಾದರೆ ಅರ್ಧ ಗೊಂದಲ ಮುಗಿಯಿತು.

ಹಸಿರು ತುಂಡುಗೆರೆ ಕಂಡಲ್ಲೆಲ್ಲ ನೀವು ನಡೆಯಬಹುದು. ಚಿಕ್ಕ ತುಂಡುಗಳಾದರೆ ಕಾಲುನಡಿಗೆಗೆ ಮಾತ್ರ, ಉದ್ದ ತುಂಡುಗಳಾದರೆ ಕುದುರೆ, ಸೈಕಲ್ಲಿಗೂ. ನೆಲದ ಮೇಲೆ ಹಳದಿ ಬಾಣ ಮೊದಲನೆಯದಕ್ಕೆ, ನೀಲಿ ಬಾಣ ಎರಡನೆಯದಕ್ಕೆ. ರಿಜ್‌ವೇಯಂಥ ರಾಷ್ಟ್ರೀಯ ದಾರಿಗಳಿಗೆ ಓಕ್ ಕಾಯಿಯ ಗುರುತು. ಕಪ್ಪು ಗೆರೆಯ ದಾರಿ ಎಷ್ಟೇ ಅಗಲವಾಗಿ ಕಾಣಲಿ, ಅದು ಇದೆ ಎಂದಷ್ಟೇ ಅರ್ಥ, ನಿಮಗೆ ಹಕ್ಕಿದೆ ಎಂದಲ್ಲ.

ಆರ್ಡ್‌ನೆನ್ಸ್ ಸರ್ವೆ ಇಲಾಖೆ ಹುಟ್ಟಿದ್ದು 1791ರಲ್ಲಿ, ಸೇನೆಯ ಅಗತ್ಯಕ್ಕೆ. ಅದೇ ಬಗೆಯ ಅಳತೆಯನ್ನು ಭಾರತಕ್ಕೆ ತಂದ ವಿಲಿಯಂ ಲ್ಯಾಂಬ್ಟನ್ 1799ರ ಶ್ರೀರಂಗಪಟ್ಟಣ ಯುದ್ಧದಲ್ಲಿದ್ದವನು. ಮರುವರ್ಷ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ. ಐವಿಂಗೋ ಬೀಕನ್ನಿನ ನೆತ್ತಿಯ ಮೇಲಿರುವ ಮೋಟು ಕಾಂಕ್ರೀಟ್ ಕಂಬ ಸರ್ವೆಯವರದು. 1936ರಿಂದ ಬ್ರಿಟನ್ನನ್ನು ಮತ್ತೊಮ್ಮೆ ಅಳೆದಾಗ ನೆಟ್ಟ ಸಾಲಿಗೆ ಸೇರಿದ್ದು. ಮೇಲೆ ತಿಂಡಿ ಡಬ್ಬಿ ಇಡಲು ಅನುಕೂಲ.

4. ಹೊಲದ ನಡುವೆ ಹೋಗಲು ಹೆದರಬೇಡಿ

ಹೊಸದಾಗಿ ಬಂದ ಕನ್ನಡಿಗರು ಇಲ್ಲಿ ಎಡವುತ್ತಾರೆ. ಗೋಧಿ ಹೊಲದ ನಟ್ಟನಡುವೆ ಹಳದಿ ಬಾಣ ತೋರಿಸುತ್ತಿರುತ್ತದೆ, ಬೇರೆಯವರ ಜಮೀನು ತುಳಿಯುವುದು ಹೇಗೆ ಎಂಬ ಸಂಕೋಚ. ನಮ್ಮಲ್ಲಿ ‘ನಕಾಶೆ ಕಂಡ ದಾರಿ’ ಎನ್ನುತ್ತಾರಲ್ಲ, ಇದು ಅದೇ. ನೆಲ ರೈತನದು, ದಾರಿ ಎಲ್ಲರದು. ಹೊಲದ ನಡುವಿನ ದಾರಿಯನ್ನು ಉತ್ತರೆ ಸಾಮಾನ್ಯವಾಗಿ ಹದಿನಾಲ್ಕು ದಿನದೊಳಗೆ ಮತ್ತೆ ನಡೆಯುವಂತೆ ಮಾಡಿಕೊಡುವುದು ಕಾನೂನಿನ ಪ್ರಕಾರ ಅವನ ಹೊಣೆ. ಸಾಲುಗಟ್ಟಿ, ಒಬ್ಬರ ಹಿಂದೊಬ್ಬರು ನಡೆದರಾಯಿತು.

ಈ ಹಕ್ಕು ಪುಕ್ಕಟೆ ಬಂದದ್ದಲ್ಲ, ಅದರ ಒಂದು ಅಧ್ಯಾಯ ನೀವು ಇಳಿಯುವ ಟ್ರಿಂಗ್ ನಿಲ್ದಾಣದಲ್ಲೇ ನಡೆಯಿತು. 1866ರಲ್ಲಿ ಆ್ಯಶ್ರಿಜ್ ಎಸ್ಟೇಟಿನ ಬ್ರೌನ್ಲೋ ಪ್ರಭುವಿನ ಕಡೆಯವರು ಪಕ್ಕದ ಬರ್ಕಮ್‌ಸ್ಟೆಡ್ ಗೋಮಾಳಕ್ಕೆ ಕಬ್ಬಿಣದ ಬೇಲಿ ಹಾಕಿಸಿದರು. ಅಗಸ್ಟಸ್ ಸ್ಮಿತ್ ಎಂಬ ಜಮೀನುದಾರ ಅರ್ಜಿ ಹಿಡಿದು ಅಲೆಯಲಿಲ್ಲ. ಮಾರ್ಚ್ 6ರ ರಾತ್ರಿ ಯೂಸ್ಟನ್‌ನಿಂದ ವಿಶೇಷ ರೈಲಿನಲ್ಲಿ ಅವನು ಕಳಿಸಿದ ನೂರಕ್ಕೂ ಹೆಚ್ಚು ಕೂಲಿಯಾಳುಗಳು ಟ್ರಿಂಗ್‌ಗೆ ಬಂದಿಳಿದರು, ಕತ್ತಲಲ್ಲಿ ನಡೆದುಹೋಗಿ ಬೆಳಗಾಗುವುದರೊಳಗೆ ಬೇಲಿ ಕಿತ್ತು ರಾಶಿ ಹಾಕಿದರು. ಬೆಳಗ್ಗೆ ಊರಿನವರು ಗಾಡಿ ಕಟ್ಟಿಕೊಂಡು ಬಂದು ತಮ್ಮ ಗೋಮಾಳವನ್ನು ನೋಡಿಕೊಂಡು ಹೋದರು. ಪ್ರಕರಣ ಕೋರ್ಟಿಗೆ ಹೋಯಿತು. 1870ರಲ್ಲಿ ತೀರ್ಪು ಸ್ಮಿತ್ ಪರವಾಗಿ ಬಂತು. ಅದೇ ಎಸ್ಟೇಟಿನ ದೊಡ್ಡ ಭಾಗ 1926ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈ ಸೇರಿ ಇಂದು ಎಲ್ಲರಿಗೂ ತೆರೆದಿದೆ. ಗಡಿಯಾರದಂತೆ ಓಡುವ ಈ ದೇಶದ ಶಿಸ್ತಿನ ಹಿಂದೆ ಇಂಥ ಪುಂಡಾಟಿಕೆಯ ಪಾಲೂ ಇದೆ, ಒಳ್ಳೆಯ ಪುಂಡಾಟಿಕೆ.

5. ಹೊತ್ತಿನ ಲೆಕ್ಕಕ್ಕೆ ನೇಸ್ಮಿತ್ ಸೂತ್ರ

ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ. ಈಗಿನ ಅಳತೆಯಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ನೂರು ಮೀಟರ್ ಏರಿಗೆ ಹತ್ತು ನಿಮಿಷ ಹೆಚ್ಚುವರಿ. 13 ಕಿಲೋಮೀಟರ್, ಮುನ್ನೂರು ಮೀಟರ್ ಏರು ಎಂದಿಟ್ಟುಕೊಂಡರೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ನೇಸ್ಮಿತ್‌ನ ಜೊತೆ ಮೊಣಕಾಲು ನೋವಿನ ಅಮ್ಮ, ಫೋಟೊ ಹುಚ್ಚಿನ ಭಾವ, ಆರು ವರ್ಷದ ಮಗು ಇರಲಿಲ್ಲ. ನೀವು ಅರ್ಧ ಸೇರಿಸಿ, ಊಟಕ್ಕೆ ಒಂದು ಗಂಟೆ ಇಡಿ. ಐದೂವರೆ, ಆರು ಗಂಟೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಲಿ.

6. ಬಯಲು ಮೊದಲು, ಕಾಡು ಆಮೇಲೆ

ಇದೇ ಸುತ್ತನ್ನು ತಿರುಗುಮುರುಗಾಗಿಯೂ ನಡೆಯಬಹುದು. ನನ್ನ ಮತ ಗುಡ್ಡ ಮೊದಲು ಎಂಬುದಕ್ಕೇ. ಐವಿಂಗೋ ಬೀಕನ್ ಸುಮಾರು 230 ಮೀಟರ್ ಎತ್ತರವಷ್ಟೇ, ನಂದಿಬೆಟ್ಟ ಹತ್ತಿದವರಿಗೆ ಲೆಕ್ಕಕ್ಕಿಲ್ಲ. ಆದರೆ ಮರವಿಲ್ಲದ ಬೋಳು ನೆತ್ತಿ, ಗಾಳಿಗೆ ಅಡ್ಡಿಯಿಲ್ಲ. ದಣಿದ ಮೇಲೆ ಅಲ್ಲಿ ನಿಲ್ಲುವುದು ಕಷ್ಟ. ಸಂಜೆಯ ಚಳಿಗೆ, ಮಳೆಗೆ ಕಾಡು ಆಸರೆ ಕೊಡುತ್ತದೆ, ಆ್ಯಶ್ರಿಜ್ ಕಡೆಯ ದಾರಿ ಅಗಲವೂ ಹೌದು, ಬಹುಪಾಲು ಸಮತಟ್ಟೂ ಹೌದು. ಕೊನೆಗೆ ಹಳ್ಳಿ ಬಂದರೆ ಮಕ್ಕಳೂ ಗೊಣಗದೆ ಕಾಲು ಹಾಕುತ್ತಾರೆ.

ಶೌಚಾಲಯ ಎಲ್ಲಿದೆ ಎಂದು ನಕಾಶೆಯಲ್ಲಿ ಗುರುತು ಹಾಕಿಕೊಳ್ಳಿ. ಹಿರಿಯರು ಕೇಳಲು ನಾಚುತ್ತಾರೆ, ನೀರು ಕುಡಿಯುವುದನ್ನೇ ಬಿಡುತ್ತಾರೆ. ಈ ಸುತ್ತಿನಲ್ಲಿ ಅದಿರುವುದು ಸ್ತಂಭದ ಬಳಿಯ ಸಂದರ್ಶಕರ ಕೇಂದ್ರದಲ್ಲಿ, ಜೊತೆಗೆ ಕೆಫೆಯೂ ಇದೆ. ಅಂದರೆ ಮೊದಲ ಮುಕ್ಕಾಲು ಪಾಲು ದಾರಿಯಲ್ಲಿ ಏನೂ ಇಲ್ಲ. ಹೊರಡುವ ಮುಂಚೆ ಹೇಳಿಬಿಡಿ.

7. ಋತು ನೋಡಿ ದಿನ ಆರಿಸಿ

ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಬ್ಲೂಬೆಲ್ ಹೂವು. ಬೀಚ್ ಮರಗಳ ಎಲೆ ಪೂರ್ತಿ ಬಿಚ್ಚಿ ನೆರಳು ಮುಚ್ಚುವುದರೊಳಗೆ ನೆಲದ ಹೂವು ತನ್ನ ಕೆಲಸ ಮುಗಿಸಿಕೊಳ್ಳಬೇಕು, ಅದಕ್ಕೇ ಈ ಅವಸರ. ಜಗತ್ತಿನ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧ ಬ್ರಿಟನ್ನಿನಲ್ಲಿವೆ ಎಂದು ಅಂದಾಜು. ಆ್ಯಶ್ರಿಜ್‌ನ ಡಾಕಿ ವುಡ್ ಇದಕ್ಕೆ ಹೆಸರುವಾಸಿ. ಹೂವಿನ ನಡುವೆ ಮಗುವನ್ನು ಕೂರಿಸಿ ಫೋಟೊ ತೆಗೆಯಬೇಡಿ. ತುಳಿದ ಎಲೆ ಆ ವರ್ಷ ಗೆಡ್ಡೆಗೆ ಆಹಾರ ಕೊಡಲಾರದು, ಮತ್ತೆ ಚೇತರಿಸಿಕೊಳ್ಳಲು ವರ್ಷಗಳು ಹಿಡಿಯುತ್ತವೆ.

ಅಕ್ಟೋಬರ್ ಕೊನೆಯ ಹೊತ್ತಿಗೆ ಅದೇ ಬೀಚ್ ಕಾಡು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಅಕ್ಟೋಬರ್ ಆರಿಸುತ್ತೇನೆ, ಜನ ಕಡಿಮೆ. ಚಳಿಗಾಲ ಬೇಡವೆಂದಲ್ಲ, ಆದರೆ ಈ ಸುತ್ತು ಹಾಯುವ ಚಿಲ್ಟರ್ನ್ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಮಳೆ ಬಿದ್ದ ಮೇಲೆ ಆ ಇಳಿಜಾರು ಪಾಚಿಗಟ್ಟಿದ ಕಲ್ಯಾಣಿಯ ಮೆಟ್ಟಿಲಿನಂತೆ. ಜಾರುವುದು ಹತ್ತುವಾಗಲ್ಲ, ಇಳಿಯುವಾಗ. ಊರುಗೋಲು ಒಂದಿದ್ದರೆ ಒಳ್ಳೆಯದು.

8. ಇತಿಹಾಸದಲ್ಲಿ ಮೂರನ್ನು ಮಾತ್ರ ಆರಿಸಿ

ಎಲ್ಲವನ್ನೂ ನೋಡಲು ಹೊರಟರೆ ಯಾವುದೂ ನೆನಪಿರುವುದಿಲ್ಲ. ಹಿಂದಿನ ರಾತ್ರಿ ಮೂರು ಜಾಗ ಆರಿಸಿ, ಅವುಗಳ ಬಗ್ಗೆ ಒಂದೊಂದು ಪುಟ ಓದಿಕೊಳ್ಳಿ, ದಾರಿಯಲ್ಲಿ ಮಕ್ಕಳಿಗೆ ಹೇಳಿ. ಈ ಸುತ್ತಿಗೆ ನನ್ನ ಆಯ್ಕೆ ಇವು.

ಮೊದಲನೆಯದು ಬೀಕನ್ನಿನ ನೆತ್ತಿಯ ಕೋಟೆ. ಕೋಟೆ ಎಂದೊಡನೆ ಚಿತ್ರದುರ್ಗವನ್ನು ನೆನೆದರೆ ನಿರಾಸೆ ಖಂಡಿತ. ಕಾಣುವುದು ಹುಲ್ಲು ಮುಚ್ಚಿದ ಸಣ್ಣ ದಿಬ್ಬ, ತಗ್ಗು. ಕಂಚಿನ ಯುಗದ ಕೊನೆಯ ಹೊತ್ತಿಗೆ ಜನ ಇಲ್ಲಿ ಮಣ್ಣಿನ ಕಟ್ಟೆ ಕಟ್ಟಿಕೊಂಡಿದ್ದರು. ಬರುವ ದಾರಿಯಲ್ಲಿ ಪಿಟ್‌ಸ್ಟೋನ್ ದಿಣ್ಣೆಯ ಬಳಿ ಕಾಣುವ ‘ಗ್ರಿಮ್ಸ್ ಡಿಚ್’ ಎಂಬ ಉದ್ದನೆಯ ಕಂದಕವೂ ರೋಮನರಿಗಿಂತ ಹಿಂದಿನದು. ಇಂಥವು ಕಾಣಬೇಕಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ನೆರಳು ಬಿದ್ದಾಗಲೇ ದಿಬ್ಬ ಎದ್ದು ತೋರುವುದು. ನಿಮ್ಮ ಕಾಲಡಿಯ ರಿಜ್‌ವೇ 1973ರಲ್ಲಿ ರಾಷ್ಟ್ರೀಯ ದಾರಿಯಾಗಿ ಉದ್ಘಾಟನೆಯಾಯಿತು, ಅದು ಹಿಡಿದು ಸಾಗುವ ಜಾಡುಗಳು ಮಾತ್ರ ಬಹಳ ಹಳೆಯವು. 139 ಕಿಲೋಮೀಟರ್ ಉದ್ದದ ಅದರ ಒಂದು ತುದಿ ಈ ಬೀಕನ್, ಇನ್ನೊಂದು ವಿಲ್ಟ್‌ಶೈರಿನ ಓವರ್ಟನ್ ಹಿಲ್.

ಎರಡನೆಯದು ಕಾಡೇ. ಕಾಡು ಪ್ರಕೃತಿ, ಕೋಟೆ ಇತಿಹಾಸ ಎಂದು ಬೇರೆ ಮಾಡಬೇಡಿ. 1600ರಿಂದ ಎಡೆಬಿಡದೆ ಕಾಡಾಗಿಯೇ ಉಳಿದ ನೆಲವನ್ನು ಇಂಗ್ಲೆಂಡಿನಲ್ಲಿ ‘ಪುರಾತನ ಕಾಡು’ ಎಂದು ದಾಖಲಿಸುತ್ತಾರೆ, ಆ ಕಾಡುಗಳನ್ನೂ ಜನ ನೂರಾರು ವರ್ಷ ದುಡಿಸಿಕೊಂಡಿದ್ದಾರೆ. ತಲೆಯೆತ್ತರದಲ್ಲಿ ಕಾಂಡ ದಪ್ಪಗಾಗಿ ಅಲ್ಲಿಂದ ಹತ್ತಾರು ಕೊಂಬೆ ಒಡೆದ ಬೀಚ್ ಮರ ಕಂಡರೆ ನಿಲ್ಲಿ. ದನ-ಜಿಂಕೆಗಳ ಬಾಯಿಗೆ ಎಟುಕದಂತೆ ಎತ್ತರದಲ್ಲೇ ಸೌದೆ ಸವರುತ್ತಿದ್ದುದರ ಗುರುತು ಅದು. ನೆಲದ ಮಟ್ಟದಿಂದ ಹಲವು ಕಾಂಡ ಎದ್ದಿದ್ದರೆ ಬುಡಕ್ಕೇ ಕಡಿದು ಚಿಗುರಿಸುತ್ತಿದ್ದರು ಎಂದರ್ಥ. ಈ ಗುಡ್ಡಗಳ ಬೀಚ್ ಮರ ಹೈ ವಿಕಂಬಿನ ಕುರ್ಚಿ ಕಾರ್ಖಾನೆಗಳನ್ನು ಸಾಕಿತು; ಕುರ್ಚಿಕಾಲು ಕಡೆಯುವವರು ಕಾಡಿನಲ್ಲೇ ಗುಡಿಸಲು ಹಾಕಿಕೊಂಡು ಹಸಿಮರ ಕಡೆಯುತ್ತಿದ್ದರು.

ಮೂರನೆಯದು ಬ್ರಿಜ್‌ವಾಟರ್ ಸ್ತಂಭ. 1832ರದು, ಸುಮಾರು 33 ಮೀಟರ್ ಎತ್ತರ. ಇದು ಯಾರ ನೆನಪಿಗೋ ಆ ಬ್ರಿಜ್‌ವಾಟರಿನ ಮೂರನೇ ಡ್ಯೂಕ್ ತನ್ನ ವರ್ಸ್ಲಿ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ಕಾಲುವೆ ತೋಡಿಸಿದ. ಅದು 1761ರಲ್ಲಿ ತೆರೆದ ಮೇಲೆ ಅಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಅವನ ಮನೆ ಆ್ಯಶ್ರಿಜ್. ಸ್ತಂಭದ ಒಳಗಿನ ಮೆಟ್ಟಿಲು ಹತ್ತಲು ಕೆಲವು ದಿನ ಮಾತ್ರ ಬಿಡುತ್ತಾರೆ, ವಿಚಾರಿಸಿಕೊಂಡು ಹೋಗಿ. ಸ್ತಂಭದೆದುರಿನ ನೇರ ಹುಲ್ಲುದಾರಿಯ ಆಚೆ ತುದಿಯಲ್ಲಿ ಕಾಣುವ ಆ್ಯಶ್ರಿಜ್ ಹೌಸ್ ಹತ್ತೊಂಬತ್ತನೇ ಶತಮಾನದ ಕಟ್ಟಡ. ಅದೇ ಜಾಗದ ಹಳೆಯ ಮನೆಯಿಂದಲೇ 1554ರಲ್ಲಿ, ಮುಂದೆ ರಾಣಿಯಾಗಲಿದ್ದ ಎಲಿಜಬೆತ್‌ಳನ್ನು ಅವಳ ಅಕ್ಕ ಮೇರಿಯ ಆಜ್ಞೆಯಂತೆ ಬಂಧಿಸಿ ಲಂಡನ್ನಿಗೆ ಒಯ್ದರು.

ಆಲ್ಡ್‌ಬರಿಯ ಕೆರೆಯಂಚಿನಲ್ಲಿರುವ, ತಪ್ಪಿತಸ್ಥರ ಕಾಲು ಸಿಕ್ಕಿಸುತ್ತಿದ್ದ ಮರದ ಕೋಳವನ್ನು ನಾಲ್ಕನೆಯದಾಗಿ ಸೇರಿಸಬೇಕಾಗಿಲ್ಲ. ಮಕ್ಕಳೇ ಕಂಡುಹಿಡಿಯುತ್ತಾರೆ.

9. ದನದ ಮೈ ಸವರಲು ಹೋಗಬೇಡಿ

ಊರಿನಿಂದ ಬಂದ ಅಜ್ಜಿಯರಿಗೆ ಇದನ್ನು ಮೊದಲೇ ಹೇಳಿ. ಇಲ್ಲಿನ ದನ ಮನೆಯ ಗೌರಿಯಲ್ಲ; ಮನುಷ್ಯರ ಒಡನಾಟ ಕಡಿಮೆ, ಮೈ ದೊಡ್ಡದು, ಕರು ಜೊತೆಗಿದ್ದರೆ ಏರಿ ಬರುತ್ತವೆ. ದೂರದಿಂದ ಬಳಸಿ ಹೋಗಿ, ಕರುವಿನ ಮತ್ತು ತಾಯಿಯ ನಡುವೆ ನುಗ್ಗಬೇಡಿ. ನಾಯಿ ಜೊತೆಗಿದ್ದು ದನ ಬೆನ್ನಟ್ಟಿದರೆ ಹಗ್ಗ ಬಿಟ್ಟುಬಿಡಿ, ಅದು ಓಡಿ ತಪ್ಪಿಸಿಕೊಳ್ಳುತ್ತದೆ. ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಬೇಲಿ ದಾಟುವ ಮರದ ತಡಮೆ ಮಲೆನಾಡಿನವರಿಗೆ ಹೊಸದಲ್ಲ. ಸೀರೆಯುಟ್ಟವರಿಗೆ ತುಸು ಕಷ್ಟ.

ಕಾಡಿನಲ್ಲಿ ನಾಯಿ ಬೊಗಳಿದ ಸದ್ದು ಕೇಳಿ ನಾಯಿ ಕಾಣದಿದ್ದರೆ ಅದು ಮಂಟ್‌ಜ್ಯಾಕ್ ಇರಬಹುದು, ನಮ್ಮ ಕಾಡುಕುರಿಯ ಚೀನಾ ದೇಶದ ದಾಯಾದಿ. ಯಾರೋ ತಂದು ಸಾಕಿದ್ದು ತಪ್ಪಿಸಿಕೊಂಡು ಹಬ್ಬಿದೆ. ಜಿಂಕೆಯಿದ್ದಲ್ಲಿ ಉಣ್ಣೆಯೂ ಇರುತ್ತದೆ. ಮಂಗನ ಕಾಯಿಲೆ ಕಂಡ ಶಿವಮೊಗ್ಗ ಕಡೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿನ ಉಣ್ಣೆ ಹರಡುವುದು ಲೈಮ್ ಕಾಯಿಲೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮಂಡಿ ಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಬಳೆಯಂತೆ ಹರಡಿದರೆ ವೈದ್ಯರಿಗೆ ತೋರಿಸಿ.

10. ಬುತ್ತಿ ಕಟ್ಟಿಕೊಳ್ಳಿ, ಜೀನ್ಸ್ ಬಿಡಿ

ಚಿತ್ರಾನ್ನ, ಪುಳಿಯೋಗರೆ, ಚಪಾತಿ ಸುರುಳಿ ಯಾವುದಾದರೂ ಸರಿ. ಮೊಸರನ್ನಕ್ಕೆ ಚಮಚ ಮರೆಯಬೇಡಿ. ಹಳ್ಳಿಯ ಪಬ್ಬನ್ನೇ ನಂಬಿದರೆ, ಎಷ್ಟೋ ಕಡೆ ಅಡುಗೆಮನೆ ಮಧ್ಯಾಹ್ನದ ಮೇಲೆ ಮುಚ್ಚಿ ಸಂಜೆಗೆ ತೆರೆಯುತ್ತದೆ. ಒಳಗೆ ಹೋಗುವಾಗ ಕೆಸರಿನ ಬೂಟು ಬಾಗಿಲಲ್ಲೇ ಬಿಡಿ, ಮನೆಯಿಂದ ತಂದ ತಿಂಡಿ ಅಲ್ಲಿ ಬಿಚ್ಚಬೇಡಿ.

ಒದ್ದೆ ಜೀನ್ಸ್ ಒಣಗುವುದಿಲ್ಲ, ಮೈಯ ಬಿಸಿ ಹೀರುತ್ತದೆ. ಸಲ್ವಾರ್ ಎಷ್ಟೋ ಮೇಲು. ಕಣಕಾಲು ಮುಚ್ಚುವ ಬೂಟು, ಮಳೆ ಅಂಗಿ, ಒಂದು ಸ್ವೆಟರ್. ಬೀಕನ್ನಿನ ಗಾಳಿಗೆ ಕೊಡೆ ತಿರುಗಿ ನಿಲ್ಲುತ್ತದೆ, ತರಬೇಡಿ.

11. ಸುತ್ತನ್ನು ಎಲ್ಲಿ ಕತ್ತರಿಸಬಹುದು ಎಂದು ಗೊತ್ತಿರಲಿ

ಕಾಲು ನೋಯುತ್ತದೆ, ಮಳೆ ಹಿಡಿಯುತ್ತದೆ. ಹಾಗಾದಾಗ ಯೋಚಿಸಲು ತಲೆ ಓಡದು, ಅದಕ್ಕೇ ಮನೆಯಲ್ಲೇ ಎರಡು ಕಡೆ ಪೆನ್ಸಿಲ್ ಗುರುತು ಹಾಕಿ. ಇಲ್ಲಿ ಮೊದಲನೆಯದು ಪಿಟ್‌ಸ್ಟೋನ್ ದಿಣ್ಣೆಯ ಕಾರು ನಿಲ್ಲಿಸುವ ಜಾಗ: ಅಲ್ಲಿಂದ ಬಂದ ದಾರಿಯಲ್ಲೇ ಹಿಂದಿರುಗಬಹುದು, ಟ್ಯಾಕ್ಸಿಯನ್ನೂ ಕರೆಯಬಹುದು. ಎರಡನೆಯದು ಸ್ತಂಭ. ನಡೆಯಲು ಹಿಂಜರಿಯುವ ಹಿರಿಯರಿದ್ದರೆ ಪೂರ್ತಿ ಸುತ್ತನ್ನೇ ಬಿಟ್ಟು ಆಲ್ಡ್‌ಬರಿ, ಸ್ತಂಭ, ಕಾಡಿನ ಅಂಚು, ಮತ್ತೆ ಆಲ್ಡ್‌ಬರಿ ಎಂದು ಮೂರು-ನಾಲ್ಕು ಕಿಲೋಮೀಟರಿನ ಚಿಕ್ಕ ಸುತ್ತು ಮಾಡಿ. ಚಿಕ್ಕದು ಕಳಪೆಯೇನಲ್ಲ.

ಫೋನಿನ ಚಾರ್ಜ್ ಉಳಿಸಿಕೊಳ್ಳಿ, ಮನೆಯಲ್ಲಿರುವ ಒಬ್ಬರಿಗೆ ದಾರಿ ತಿಳಿಸಿ ಹೋಗಿ. ತುರ್ತಿಗೆ 999, ನಕಾಶೆಯ ಚೌಕದ ಸಂಖ್ಯೆ ಓದಿ ಹೇಳಲು ಮನೆಯಲ್ಲೇ ಕಲಿತಿರಿ, ಹತ್ತು ನಿಮಿಷದ ಪಾಠ.

12. ದಾರಿ ಕೆಟ್ಟಿದ್ದರೆ ದೂರು ಕೊಡಿ

ಬಾಣದ ಫಲಕ ಬಿದ್ದಿರುತ್ತದೆ, ತಡಮೆಯ ಹಲಗೆ ಮುರಿದಿರುತ್ತದೆ, ಯಾರೋ ದಾರಿಗೆ ಅಡ್ಡ ತಂತಿ ಕಟ್ಟಿರುತ್ತಾರೆ. ಗೊಣಗಿ ಸುಮ್ಮನಾಗಬೇಡಿ, ಹೊರಗಿನವರು ನಾವೇಕೆ ಹೇಳುವುದು ಎನ್ನಲೂಬೇಡಿ. ಇಲ್ಲಿ ತೆರಿಗೆ ಕಟ್ಟುವವರು ನೀವೂ. ಫೋಟೊ ತೆಗೆದು, ಚೌಕದ ಸಂಖ್ಯೆ ಬರೆದು ಕೌನ್ಸಿಲ್ಲಿನ ಜಾಲತಾಣದಲ್ಲಿ ತುಂಬಿದರೆ ಆಯಿತು. ಟ್ರಿಂಗ್, ಆಲ್ಡ್‌ಬರಿ ಕಡೆಯದಾದರೆ ಹರ್ಟ್‌ಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ಗೆ, ಬೀಕನ್ ಕಡೆಯದಾದರೆ ಬಕಿಂಗ್‌ಹ್ಯಾಮ್‌ಶೈರ್ ಕೌನ್ಸಿಲ್‌ಗೆ.